ಮಾವನ ರೇಡಿಯೊಗೆ ನಾನು ಹುಡುಕಿದ ಸಾಫ್ಟ್‌ವೇರ್

ನನ್ನ ಸೋದರಮಾವನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಓದುತ್ತ ಹೋದ ಹಾಗೆ ನಿಮಗೆ ಅವನ ಪಕ್ಷ ವಹಿಸಬೇಕು ಅನ್ನಿಸುತ್ತದೆ. ಎಲ್ಲರಿಗೂ ಹಾಗೇ ಅನ್ನಿಸುತ್ತದೆ. ಇಡೀ ಕೊಟ್ಟೂರಿನಲ್ಲಿ ನನ್ನ ಪಕ್ಷದಲ್ಲಿ ಇರುವವಳು ಅತ್ತೆ ಒಬ್ಬಳೇ, ಅವಳೂ ಊಟದ ಹೊತ್ತಿಗೆ ಮಾತ್ರ.

ಮಾವ ಪೊಲೀಸ್ ವೈರ್‌ಲೆಸ್‌ನಲ್ಲಿ ನೌಕರಿ ಮಾಡಿ ನಿವೃತ್ತನಾದವನು. ನಿವೃತ್ತರಾದ ಮೇಲೆ ಮಂದಿ ಬೆಳಗಿನ ವಾಕಿಂಗ್ ಶುರು ಮಾಡುತ್ತಾರೆ. ಇವನು ಮಾಳಿಗೆಯ ಮೇಲೆ ಬೋರ್‌ವೆಲ್ಲಿನ ಹಳೇ ಪೈಪು ನಿಲ್ಲಿಸಿ, ಅದರ ತುದಿಯಿಂದ ಎರಡೂ ಕಡೆಗೆ ತಂತಿ ಎಳೆದು, ಅಲ್ಲೇ ಕೋಣೆಯಲ್ಲಿ ಸೆಟ್ಟು ಇಟ್ಟು, ಹವ್ಯಾಸಿ ರೇಡಿಯೊ ಶುರು ಮಾಡಿದ. ಸರ್ಕಾರದ ಪರೀಕ್ಷೆ ಪಾಸಾದರೆ ಒಂದು ಕಾಲ್‌ಸೈನ್ ಕೊಡುತ್ತಾರೆ. ಅದೇ ನಮ್ಮ ಹೆಸರು, ಅದೇ ವಿಳಾಸ. ಆ ಹೆಸರಿನಲ್ಲಿ ಸ್ವಂತ ಸೆಟ್ಟಿನಿಂದ ಬೇರೆ ಊರಿನ ಲೈಸೆನ್ಸುದಾರರ ಜೊತೆ ಮಾತಾಡಬಹುದು. ಫೋನಿನಲ್ಲಿ ಆಗುವ ಮಾತಿಗೆ ಇಷ್ಟೆಲ್ಲ ತಂತಿ ಯಾಕೆ ಎಂದು ಕೇಳಬೇಡಿ. ನಾನು ಒಮ್ಮೆ ಕೇಳಿದ್ದಕ್ಕೆ ಮಾವ ಮೂರು ವಾರ ಮಾಳಿಗೆ ಹತ್ತಲು ಬಿಡಲಿಲ್ಲ.

ಬಿಡದಿದ್ದರೆ ನನ್ನ ಕಥೆ ಮುಗಿಯಿತು. ಪರೀಕ್ಷೆಯನ್ನು ನಾನೂ ಪಾಸಾಗಿದ್ದೇನೆ, ಎರಡನೇ ಸಲಕ್ಕೆ. ಮೊದಲನೇ ಸಲ ಒಂದು ಪ್ರಶ್ನೆ ಬಿಟ್ಟುಹೋಗಿ, ಅಲ್ಲಿಂದ ಮುಂದಿನ ಉತ್ತರಗಳನ್ನೆಲ್ಲ ಒಂದೊಂದು ಸಾಲು ಮೇಲೆ ಬರೆದಿದ್ದೆ. ಲೈಸೆನ್ಸು ಬಂತು, ಸೆಟ್ಟು ಬರಲಿಲ್ಲ. ಮಾವನ ಸೆಟ್ಟಿನ ಮುಂದೆ ಕೂತರೆ ನಾನು ರೇಡಿಯೊ ಆಪರೇಟರ್, ಎದ್ದರೆ ಹಗರಿಬೊಮ್ಮನಹಳ್ಳಿಯ ಒಂದು ಕಚೇರಿಯಲ್ಲಿ ಡೇಟಾ ಎಂಟ್ರಿ ಮಾಡುವ ಗುತ್ತಿಗೆ ನೌಕರ. ಆ ಕುರ್ಚಿಗಾಗಿ ನಾನು ಮಾವನ ಬೈಗುಳಗಳನ್ನು ನುಂಗಿದ್ದೇನೆ. ಅವು ಜೀರ್ಣವಾಗಿಲ್ಲ.

ಗಾಳಿಯಲ್ಲಿ ಆಡಿದ ಪ್ರತಿ ಮಾತುಕತೆಗೂ ದಾಖಲೆ ಇಡಬೇಕು. ಯಾರ ಜೊತೆ, ಎಷ್ಟು ಹೊತ್ತಿಗೆ, ಯಾವ ಬ್ಯಾಂಡಿನಲ್ಲಿ ಎಂದು ಬರೆಯುವ ಅದಕ್ಕೆ ಲಾಗ್ ಎನ್ನುತ್ತಾರೆ. ಮಾವನ ಲಾಗ್ ಅಂದರೆ ಕೆಂಪು ಬೆನ್ನಿನ ದಪ್ಪ ರಿಜಿಸ್ಟರು. ಅದರಲ್ಲಿ ಅಳಿಸುವ ಹಾಗಿಲ್ಲ, ಬಿಳಿ ಹಚ್ಚುವ ಹಾಗಿಲ್ಲ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ. ಪೊಲೀಸ್ ವೈರ್‌ಲೆಸ್‌ನಲ್ಲಿ ಕಲಿತ ಪದ್ಧತಿ. ಅತ್ತೆಯ ದಿನಸಿ ಚೀಟಿಯಲ್ಲೂ ಅವನು ಹೀಗೇ ತಿದ್ದುತ್ತಾನೆ. ಬೆಲ್ಲಕ್ಕೆ ಗೆರೆ, ಪಕ್ಕದಲ್ಲಿ ಸಹಿ.

ಒಂದು ಭಾನುವಾರ ಅವನು ನನ್ನನ್ನು ಕರೆದು ರಿಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಹೇಳಿದ:

"ಲೇ ಅಳಿಯಾ, ಕಾಂಪಿಟಿಶನ್‌ಗೆ ಕೈಲೆ ಬರದ ಲಾಗ್ ತಗಳ್ಳಂಗಿಲ್ಲಂತ. ಕಂಪ್ಯೂಟರಿನ್ಯಾಗ ಕಳಸಬೇಕಂತ. ನೀ ಹೆಂಗೂ ಆಫೀಸಿನ್ಯಾಗ ದಿನಾ ಕೀ ಕುಟ್ಟಾವ. ದಿನದ ಮಾತಿಗೂ ಕಾಂಪಿಟಿಶನ್‌ಗೂ ಆಗೋವಂಥ ಒಂದ ಒಂದು ಸಾಫ್ಟ್‌ವೇರ್ ಹುಡುಕು. ಎರಡು ಬ್ಯಾಡ. ಎರಡಿದ್ರ ನೀ ಎರಡನ್ನೂ ಕೆಡಸ್ತಿ."

"ಹುಡುಕಿದ್ರ?"

"ಈ ಸಲ ಕಾಂಪಿಟಿಶನ್‌ಗೆ ನೀನ ಕುಂದ್ರು."

"ಕೆಟ್ರ?"

"ನನ್ನ ಕಾಲ್‌ಸೈನ್ ಮ್ಯಾಲೆ ಒಂದ ಒಂದು ಸುಳ್ಳು ಹೋತು ಅಂದ್ರ, ಈ ಮಾಳಿಗಿ ಮೆಟ್ಲ ತುಳೀಬ್ಯಾಡ."

ಒಪ್ಪಿಕೊಂಡೆ. ಮಾವನ ಮೇಲಿನ ಗೌರವದಿಂದಲ್ಲ. ಹರಪನಹಳ್ಳಿಯ ಅಣ್ಣನೊಬ್ಬನನ್ನು ಸೋಲಿಸಬೇಕಿತ್ತು.

ಆ ಅಣ್ಣನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾನೆ, ಉಳಿದ ತಂತಿಯಲ್ಲಿ ಆಂಟೆನಾ ಮಾಡುತ್ತಾನೆ. ದಿನಾ ಬೆಳಿಗ್ಗೆ ಏಳೂವರೆಗೆ ಅವನೂ ಮಾವನೂ ಸಣ್ಣ ಸೆಟ್ಟಿನಲ್ಲಿ ಹತ್ತು ನಿಮಿಷ ಮಾತಾಡುತ್ತಾರೆ. ಹತ್ತರಲ್ಲಿ ನಾಲ್ಕು ನಿಮಿಷ ನನ್ನ ಬಗ್ಗೆ. "ಏನ್ ಸರ್, ನಿಮ್ಮ ಟೈಪಿಸ್ಟ್ ಸಾಹೇಬ್ರು ಎದ್ದಿದಾರೋ ಇಲ್ವೋ?" ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಲ್ಲಿ, ಒಂದೇ ದಿನದಲ್ಲಿ ಗಾಳಿಯಲ್ಲಿ ಹೆಚ್ಚು ಮಂದಿಯನ್ನು ಮಾತಾಡಿಸಿದವನು ಗೆದ್ದ ಹಾಗೆ. ಹಿಂದಿನ ವರ್ಷ ಅವನು ಮಾವನನ್ನು ಸೋಲಿಸಿದ್ದ. ಮಾವ ಅದನ್ನು ಮರೆತು ಅವನ ಜೊತೆ ನಗುತ್ತಾನೆ. ನಾನು ಮರೆತಿಲ್ಲ. ಇನ್ನೊಬ್ಬರ ಸೋಲನ್ನೂ ನೆನಪಿಟ್ಟುಕೊಂಡು ಉರಿಯುವುದು ನನ್ನ ಹುಟ್ಟುಗುಣ.

ಸಾಫ್ಟ್‌ವೇರ್ ಹುಡುಕಾಟ ಶುರುವಾಯಿತು. ಅವುಗಳ ಹೆಸರು ಹೇಳುವುದಿಲ್ಲ. ಮಾಡಿದವರು ಪುಣ್ಯಾತ್ಮರು, ಬಿಟ್ಟಿ ಕೊಟ್ಟಿದ್ದಾರೆ. ನನ್ನ ಕೈಗೆ ಸಿಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಮೊದಲನೆಯದು ದಿನಬಳಕೆಗೆ ಹೆಸರಾದದ್ದು. ತೆರೆದ ಕೂಡಲೇ ಪರದೆಯ ತುಂಬ ಒಂಬತ್ತು ಕಿಟಕಿಗಳು ಹಾರಿ ಬಂದವು. ಒಂದರಲ್ಲಿ ಭೂಪಟ, ಒಂದರಲ್ಲಿ ಸೂರ್ಯನ ಕಲೆಗಳ ಲೆಕ್ಕ, ಇನ್ನೊಂದರಲ್ಲಿ ಆಂಟೆನಾ ತಿರುಗಿಸುವ ದಿಕ್ಸೂಚಿ. ಮಾವನ ಆಂಟೆನಾ ಜೋರು ಗಾಳಿ ಬಂದರೆ ಮಾತ್ರ ತಿರುಗುತ್ತದೆ. ನಿಮ್ಮ ಊರು ಎಲ್ಲಿದೆ ಎಂದು ಅದು ಅಕ್ಷಾಂಶ ರೇಖಾಂಶ ಕೇಳಿತು. ನಾನು ಭಾರಿ ವಿಶ್ವಾಸದಿಂದ ತುಂಬಿಸಿದೆ. ಮಾವ ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ ಭೂಪಟ ನೋಡಿದ. ಕೆಂಪು ಚುಕ್ಕೆ ಉತ್ತರ ಧ್ರುವದ ಹತ್ತಿರ ಮಂಜಿನ ಸಮುದ್ರದಲ್ಲಿ ಮಿನುಗುತ್ತಿತ್ತು.

"ಅಲ್ಲೇನಲೇ ನಾವಿರಾದು?"

"ಒಂಚೂರು ಆಚೀಚಿ ಆಗೈತಿ ಮಾವಾ." ಅಕ್ಷಾಂಶವನ್ನೂ ರೇಖಾಂಶವನ್ನೂ ಅದಲು ಬದಲು ಹಾಕಿದ್ದೆ.

"ಸ್ವೆಟರ್ ತರ್ತೀನಿ ತಡಿ," ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದಳು.

ಅದೇ ದಿನ ಇನ್ನೊಂದು ಅವಮಾನ. ಬೆಳಿಗ್ಗೆ ಹತ್ತಕ್ಕೆ ಮಾಡಿದ ಮಾತುಕತೆಯನ್ನು ಅದು ನಾಲ್ಕೂವರೆ ಎಂದು ಬರೆಯಿತು. ಗಡಿಯಾರ ಕೆಟ್ಟಿದೆ ಎಂದು ಅರ್ಧ ದಿನ ಕಂಪ್ಯೂಟರಿನ ಸಮಯ ತಿದ್ದುತ್ತ ಕೂತೆ. ನಾನು ತಿದ್ದಿದಷ್ಟೂ ಅದು ಐದೂವರೆ ಗಂಟೆ ಹಿಂದೆ ಸರಿಯಿತು. ಪ್ರಪಂಚದ ಎಲ್ಲ ಹವ್ಯಾಸಿಗಳೂ ಲಾಗಿನಲ್ಲಿ ಒಂದೇ ಅಂತರರಾಷ್ಟ್ರೀಯ ಸಮಯ ಬರೆಯುತ್ತಾರೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಸರಿಯುತ್ತರ ಬರೆದು ಪಾಸಾದವನು ನಾನು.

ಎರಡನೆಯದು ಇಂಟರ್ನೆಟ್ಟಿನಲ್ಲೇ ನಡೆಯುವಂಥದ್ದು, ನೋಡಲು ಚೆಂದ. ಹನ್ನೊಂದು ಮಾತುಕತೆ ತುಂಬಿಸಿದ ಮೇಲೆ ನೆಟ್ ಹೋಯಿತು. ಪರದೆಯ ನಡುವೆ ಒಂದು ಚಕ್ರ ತಿರುಗತೊಡಗಿತು. ನೆಟ್ ಬಂದ ಮೇಲೆ ಹನ್ನೊಂದೂ ಮಾಯ. ಮಾವ ರಿಜಿಸ್ಟರು ತೆಗೆದು, ತಾನು ಬರೆದಿಟ್ಟಿದ್ದ ಅದೇ ಹನ್ನೊಂದು ಸಾಲುಗಳನ್ನು ನನ್ನ ಮೂಗಿನ ಹತ್ತಿರ ಹಿಡಿದ, ವಾಸನೆ ನೋಡು ಅನ್ನುವ ಹಾಗೆ.

ಮೂರನೆಯದು ಸ್ಪರ್ಧೆಗೆಂದೇ ಮಾಡಿದ್ದು. ಬೂದಿ ಬಣ್ಣ, ಇರುವೆಯಂಥ ಅಕ್ಷರ. ಆದರೆ ಕೆಲಸಕ್ಕೆ ಭೂತ. ಸ್ಪರ್ಧೆಯಲ್ಲಿ ಎದುರಿನವನಿಗೆ ಒಂದು ಕ್ರಮಸಂಖ್ಯೆ ಹೇಳಬೇಕು. ಮೊದಲು ಸಿಕ್ಕವನಿಗೆ ಒಂದು, ಆಮೇಲೆ ಸಿಕ್ಕವನಿಗೆ ಎರಡು, ಹೀಗೆ. ನಾನು ಹೇಳಿದ್ದನ್ನು ಅವನು ಬರೆದುಕೊಳ್ಳುತ್ತಾನೆ, ಅವನು ಹೇಳಿದ್ದನ್ನು ನಾನು. ಸ್ಪರ್ಧೆ ಮುಗಿದ ಮೇಲೆ ಸಂಘಟಕರು ಇಬ್ಬರ ಲಾಗನ್ನೂ ಎದುರುಬದುರು ಇಟ್ಟು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಅಂಕ ಇಲ್ಲ. ಈ ಸಾಫ್ಟ್‌ವೇರ್ ಆ ಸಂಖ್ಯೆಯನ್ನು ತಾನೇ ಮುಂದಕ್ಕೆ ಓಡಿಸುತ್ತಿತ್ತು. ಒಮ್ಮೆ ಮಾತಾಡಿದವನು ಮತ್ತೆ ಬಂದರೆ ಕೆಂಪಾಗುತ್ತಿತ್ತು. ಪದೇ ಪದೇ ಕೂಗಿ ಗಂಟಲು ಹರಿಯದಿರಲೆಂದು, ನಮ್ಮ ಕೂಗನ್ನು ಮೊದಲೇ ರೆಕಾರ್ಡ್ ಮಾಡಿಟ್ಟು ಒಂದು ಗುಂಡಿಯಿಂದ ಬಿಡುವ ಸೌಲಭ್ಯವೂ ಇತ್ತು.

ರೆಕಾರ್ಡ್ ಮಾಡಿದೆ. ಕೇಳಿ ನೋಡುವ ತಾಳ್ಮೆ ಇರಲಿಲ್ಲ, ನೇರ ಗಾಳಿಗೆ ಬಿಟ್ಟೆ. ನನ್ನ ಗಂಭೀರ ಧ್ವನಿಯ ಕರೆ, ಅದರ ಬಾಲಕ್ಕೆ ಅತ್ತೆಯ ಕಿರುಚಾಟ: "ಏ, ಹಾಲು ಉಕ್ಕತೈತಿ, ಗ್ಯಾಸ್ ಬಂದ್ ಮಾಡೋ!" ಇಡೀ ದಕ್ಷಿಣ ಭಾರತ ಕೇಳಿತು. ಮೊದಲು ಉತ್ತರ ಕೊಟ್ಟವನು ಹರಪನಹಳ್ಳಿಯವನೇ. "ಗ್ಯಾಸ್ ಬಂದ್ ಮಾಡಿದ್ರೇನಪ್ಪಾ? ಮೊದ್ಲು ಅದನ್ನ ನೋಡ್ರಿ, ಆಮೇಲೆ ಮಾತಾಡಾಣ."

ಸ್ಪರ್ಧೆಗೆ ಇದೇ ಸರಿ ಎಂದು ಗೊತ್ತಾಯಿತು. ದಿನದ ಮಾತಿಗೆ ಮಾತ್ರ ಇದು ಸುಡುಗಾಡು. ಎದುರಿನವರ ಹೆಸರು, ಊರು, ಮೊಮ್ಮಗನ ಮುಂಜಿ, ಮಳೆ ಬಂತೋ ಇಲ್ಲವೋ, ಇವನ್ನೆಲ್ಲ ಬರೆಯಲು ಜಾಗವೇ ಇಲ್ಲ. ಮಾವನ ರಿಜಿಸ್ಟರಿನಲ್ಲಿ ಕೊನೆಯ ಅಂಕಣ ತುಂಬ ಇರುವುದೇ ಇದು. ಹೂವಿನಹಡಗಲಿಯ ಒಬ್ಬ ಲೈಸೆನ್ಸುದಾರನ ಹೆಸರಿನ ಮುಂದೆ "ಹಲ್ಲು ಕೀಳಿಸಿದ್ದಾನೆ, ನಿಧಾನ ಮಾತಾಡುವುದು" ಎಂದು ಬರೆದಿದ್ದಾನೆ. ಹಾಗಾಗಿ ನಾನು ಒಂದು ಉಪಾಯ ಹೂಡಿದೆ. ಸ್ಪರ್ಧೆಯನ್ನು ಬೂದಿ ಬಣ್ಣದ್ದರಲ್ಲಿ ನಡೆಸುವುದು, ಮುಗಿದ ಮೇಲೆ ಅದರ ಲಾಗನ್ನು ಒಂಬತ್ತು ಕಿಟಕಿಯದಕ್ಕೆ ಸುರಿಯುವುದು, ಬೂದಿ ಬಣ್ಣದ್ದನ್ನು ಕಿತ್ತೊಗೆಯುವುದು. ಮಾವ ಬಂದು ನೋಡಿದರೆ ಇರುವುದು ಒಂದೇ ಸಾಫ್ಟ್‌ವೇರ್. ಷರತ್ತು ಪೂರೈಸಿದ ಹಾಗೆ ಆಯಿತಲ್ಲ.

ಸ್ಪರ್ಧೆಯ ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ. ಮಧ್ಯಾಹ್ನದವರೆಗೆ ಮಾವ ನನ್ನ ಪಕ್ಕದಲ್ಲೇ ಕೂತು, ಕಂಪ್ಯೂಟರ್ ಅನ್ನುವುದು ಇನ್ನೂ ಹುಟ್ಟೇ ಇಲ್ಲವೇನೋ ಅನ್ನುವ ಹಾಗೆ ರಿಜಿಸ್ಟರಿನಲ್ಲೂ ಬರೆಯುತ್ತಿದ್ದ. ಪೆನ್ನಿನ ಕರ್ರ್ ಕರ್ರ್ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಎರಡು ಗಂಟೆಗೆ ಅವನೂ ಅತ್ತೆಯೂ ಕೂಡ್ಲಿಗಿಯಲ್ಲಿ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ಹೊರಟರು.

"ಇದರಾಗ ಬರೀತಿರು," ಎಂದು ರಿಜಿಸ್ಟರು ತೋರಿಸಿದ.

"ಹೂಂ ಮಾವಾ."

ಸ್ಕೂಟರಿನ ಸದ್ದು ಸಂದಿ ದಾಟಿದ ಕೂಡಲೇ ರಿಜಿಸ್ಟರನ್ನು ಕುರ್ಚಿಯ ಮೇಲಿಟ್ಟು ಅದರ ಮೇಲೆ ಕೂತೆ. ಎತ್ತರ ಸರಿಹೋಯಿತು.

ಆ ಮಧ್ಯಾಹ್ನ ನಾನು ಹಾರಿದೆ. ಸುಳ್ಳಲ್ಲ. ಒಬ್ಬನ ಹಿಂದೆ ಒಬ್ಬ ಬರುತ್ತಿದ್ದ. ಹರಪನಹಳ್ಳಿಯವನೂ ಬಂದು, ನಂಬರು ಕೊಟ್ಟು, ನಂಬರು ತೆಗೆದುಕೊಂಡು, "ಪರ್ವಾಗಿಲ್ಲಪ್ಪ, ಓಡಿಸ್ತಿದೀಯ" ಅಂದ. ಅದು ಹೊಗಳಿಕೆಯೋ ಹಂಗಿಸಿದ್ದೋ ಎಂದು ಹತ್ತು ನಿಮಿಷ ತಲೆ ಕೆಡಿಸಿಕೊಂಡು ಮೂವರನ್ನು ಕಳೆದುಕೊಂಡೆ. ಸ್ಪರ್ಧೆ ಮುಗಿದಾಗ ನನ್ನದು ನೂರ ಅರವತ್ತಮೂರು. ಅವನದು ನೂರ ಐವತ್ತೊಂದು ಎಂದು ಗಾಳಿಯಲ್ಲೇ ಗೊತ್ತಾಯಿತು. ನಾನು ಮಾಳಿಗೆಯ ಮೇಲೆ ಒಬ್ಬನೇ ಕುಣಿದೆ. ಪಕ್ಕದ ಮನೆಯವರು ಇವತ್ತಿಗೂ ನನ್ನ ಕಡೆ ನೋಡಿ ಒಂಥರಾ ನಗುತ್ತಾರೆ.

ಮರುದಿನ ಕಚೇರಿಯಿಂದ ಬಂದು ಲಾಗನ್ನು ಕಡತವಾಗಿ ಇಳಿಸಿಕೊಂಡೆ. ನೋಡಿದರೆ ಕ್ರಮಸಂಖ್ಯೆಗಳು ಹಾರಿವೆ! ಮೂವತ್ತೇಳರ ನಂತರ ಮೂವತ್ತೊಂಬತ್ತು. ಎಪ್ಪತ್ತರ ನಂತರ ಎಪ್ಪತ್ತಮೂರು. ಹೀಗೆ ಹನ್ನೊಂದು ಕಡೆ ಖಾಲಿ. ಕಾರಣ ನನಗೇ ಗೊತ್ತಿತ್ತು. ಒಬ್ಬನಿಗೆ ನಂಬರು ಹೇಳಿದ ಮೇಲೆ ಅವನ ಧ್ವನಿ ಮುಳುಗಿ ಹೋದರೆ ಆ ಸಾಲು ಅಳಿಸುತ್ತಿದ್ದೆ, ಸಾಫ್ಟ್‌ವೇರ್ ಮುಂದಿನ ನಂಬರಿಗೆ ಹೋಗುತ್ತಿತ್ತು. ಸ್ಪರ್ಧೆಗಳಲ್ಲಿ ಇದು ಸಾಮಾನ್ಯ. ಖಾಲಿ ಇದ್ದರೆ ಇರಲಿ, ಯಾರೂ ಕೇಳುವುದಿಲ್ಲ.

ಆದರೆ ನಾನು ನಾಲ್ಕು ವರ್ಷ ಡೇಟಾ ಎಂಟ್ರಿ ಮಾಡಿದವನು. ನಮ್ಮ ಕಚೇರಿಯ ಮೇಲ್ವಿಚಾರಕರು ಮೊದಲ ದಿನವೇ ಹೇಳಿದ್ದರು: "ಮ್ಯಾಲಿನವ್ರು ಮೊದ್ಲು ನೋಡಾದ ಸೀರಿಯಲ್ ನಂಬರ್ ಕಣಪ್ಪ. ಒಂದು ಹಾರಿತ್ತಂದ್ರ ಉಳಿದದ್ದು ಓದಂಗೇ ಇಲ್ಲ, ಸೀದಾ ವಾಪಸ್." ಅಂದಿನಿಂದ ನನ್ನ ಬೆರಳುಗಳಿಗೆ ಹಾರಿದ ಕ್ರಮಸಂಖ್ಯೆ ಕಂಡರೆ ತುರಿಕೆ. ಒಬ್ಬರ ಹೆಸರು ಕೈಬಿಟ್ಟರೆ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಮೇಲೆ ಬರಬೇಕು. ಅದೇ ಅಚ್ಚುಕಟ್ಟು. ಹಾಗೇ ಮಾಡಿದೆ. ನಾನು ಕೊಟ್ಟ ನಂಬರುಗಳ ಅಂಕಣವನ್ನು ಒಂದರಿಂದ ನೂರ ಅರವತ್ತಮೂರರವರೆಗೆ ಮುತ್ತಿನ ಹಾಗೆ ಪೋಣಿಸಿದೆ. ಹಳೆಯ ಕಡತದ ಮೇಲೇ ಸೇವ್ ಮಾಡಿದೆ. ದಿನಬಳಕೆಯದಕ್ಕೆ ಸುರಿದೆ. ಬೂದಿ ಬಣ್ಣದ್ದನ್ನು ಕಿತ್ತೊಗೆದೆ. "ಡೇಟಾ ಕೂಡ ಅಳಿಸಬೇಕೇ?" ಎಂದು ಅದು ಕೇಳಿತು. ಹಾಲಿನ ಅವಮಾನ ಇನ್ನೂ ಹಸಿಯಾಗಿತ್ತು. ಹೌದು ಎಂದು ಜೋರಾಗಿ ಒತ್ತಿದೆ.

ಆಮೇಲೆ ಮಾವನನ್ನು ಕರೆದೆ. ನೋಡಿ ಕಣ್ಣು ತುಂಬಿಕೊಳ್ಳುತ್ತಾನೆ ಎಂದುಕೊಂಡಿದ್ದೆ.

ಮಾವ ರಿಜಿಸ್ಟರನ್ನು ಪರದೆಯ ಪಕ್ಕಕ್ಕಿಟ್ಟು, ಮರದ ಸ್ಕೇಲು ಹಿಡಿದು, ಒಂದೊಂದೇ ಸಾಲು ಇಳಿದ. ಮೂವತ್ತೆಂಟಕ್ಕೆ ಸ್ಕೇಲು ನಿಂತಿತು.

"ಈ ಮದುರೈಯವನಿಗೆ ನೀ ಎಷ್ಟಂತ ಹೇಳಿದಿ?"

"ಮೂವತ್ತೆಂಟು."

"ನನ್ನ ರಿಜಿಸ್ಟರಿನ್ಯಾಗ ಮೂವತ್ತೊಂಬತ್ತು ಐತಿ. ಮೂವತ್ತೆಂಟು ಹೇಳಿದ್ದು ಮೊದಲಿನವನಿಗೆ, ಅವ ಮುಳುಗಿದ. ಗೆರಿ ಎಳದೀನಿ, ಸೈನ್ ಮಾಡೀನಿ. ನೋಡು."

"ಅದು ಖಾಲಿ ಇತ್ತು ಮಾವಾ. ಅದ್ಕ ಸರಿ ಮಾಡೀನಿ."

"ಏನು ಸರಿ ಮಾಡಿದಿ?"

ಹೇಳಿದೆ. ಹೆಮ್ಮೆಯಿಂದಲೇ ಶುರು ಮಾಡಿದೆ, ಅರ್ಧ ವಾಕ್ಯಕ್ಕೆ ಬರುವಷ್ಟರಲ್ಲಿ ಧ್ವನಿ ಸಣ್ಣದಾಯಿತು. ಮಾವ ಸ್ಕೇಲು ಕೆಳಗಿಟ್ಟ. ಬೈಯಲಿಲ್ಲ. ಅವನು ಬೈಯದೆ ಇದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಲೇ, ಮದುರೈಯವ ಮೂವತ್ತೊಂಬತ್ತು ಅಂತ ಬರಕಂಡಾನ. ಖರೇನ ಬರಕಂಡಾನ. ನಿನ್ನ ಲಾಗ್ ಮೂವತ್ತೆಂಟು ಅಂತೈತಿ. ತಾಳಿ ನೋಡಾವ್ರು ಯಾರನ್ನ ಸುಳ್ಳ ಅಂತಾರ? ಅವನ್ನ. ಅವನ ಮಾರ್ಕ್ಸ್ ಹೋಗ್ತಾವ. ಇಂಥೋರು ಎಷ್ಟು ಮಂದಿ ಅದಾರ?"

ಮೂವತ್ತೇಳು ಮಂದಿಯನ್ನು ಬಿಟ್ಟು ಉಳಿದವರೆಲ್ಲ.

"ಹಳೇದನ್ನ ತಗಿ."

"ಅಳಿಸೀನಿ."

"ಮಧ್ಯಾಹ್ನದ್ದು ರಿಜಿಸ್ಟರಿನ್ಯಾಗ?"

ಅದರ ಮೇಲೆ ಕೂತಿದ್ದೆ ಎಂದು ಹೇಳುವ ಧೈರ್ಯ ಬರಲಿಲ್ಲ. "ಬರದಿಲ್ಲ," ಅಂದೆ. ಎರಡು ಗಂಟೆಯ ನಂತರದ ಐದು ಖಾಲಿಗಳು ಎಲ್ಲೆಲ್ಲಿದ್ದವು ಎಂದು ನನ್ನ ತಲೆಯಲ್ಲೂ ಇರಲಿಲ್ಲ, ಕಾಗದದಲ್ಲೂ ಇರಲಿಲ್ಲ, ಕಂಪ್ಯೂಟರಿನಲ್ಲೂ ಇರಲಿಲ್ಲ.

ಬಾಗಿಲಲ್ಲಿ ಅತ್ತೆ ಕಾಣಿಸಿಕೊಂಡಳು. "ಇವನಿಗೆ ರೊಟ್ಟಿ ಹಾಕ್ಲೋ ಬ್ಯಾಡೋ?"

"ಹಾಕು," ಎಂದ ಮಾವ. "ಇವತ್ತು ಒಂದಿನ ಹಾಕು."

ನಾನು ವಾದ ಮಾಡಿದೆ. ನಾಚಿಕೆಗೆಟ್ಟು ಮಾಡಿದೆ. ಹಾಗೇ ಕಳಿಸಿಬಿಡೋಣ, ನಮ್ಮದು ನೂರ ಅರವತ್ತಮೂರು ಇದೆ, ಅಂಕ ಹೋದರೂ ಬಹಳಷ್ಟು ಉಳಿಯುತ್ತದೆ ಎಂದೆ. ಇಲ್ಲದಿದ್ದರೆ ನಾಲ್ಕಾರು ಮಂದಿಗೆ ಕೇಳೋಣ, ನಾನು ನಿಮಗೆ ಎಷ್ಟು ಕೊಟ್ಟೆ ಎಂದು. ಕಳಿಸಲು ಇನ್ನೂ ಎರಡು ದಿನ ಟೈಮಿದೆ.

"ಕಾಂಪಿಟಿಶನ್ ಮುಗದ ಮ್ಯಾಲೆ ಇನ್ನೊಬ್ರನ್ನ ಕೇಳಿ ಲಾಗ್ ತಿದ್ದಂಗಿಲ್ಲ. ರೂಲ್ಸಿನ್ಯಾಗ ಐತಿ. ಆಡಿದಾಗ ಏನು ಬರದಿಯೋ ಅಷ್ಟ ನಿಂದು." ಅವನು ಎದ್ದ. "ಕಳಸಲಿಲ್ಲ ಅಂದ್ರ ಯಾರಿಗೂ ಲುಕ್ಸಾನಿಲ್ಲ. ನಮ್ಮ ಲಾಗ್ ಬರ್ಲಿಲ್ಲ ಅಂತ ಅವ್ರ ಮಾರ್ಕ್ಸ್ ಕಡಿಯಂಗಿಲ್ಲ. ಕಳಸಿದಿ ಅಂದ್ರ ಅಷ್ಟೂ ಮಂದಿ ಸುಳ್ಳ ಆಗ್ತಾರ, ಅದೂ ನನ್ನ ಹೆಸರಿಲೆ. ಕಂಪ್ಯೂಟರ್ ನಿನ್ನ ಕೈಯಾಗ ಐತಿ."

ಮೆಟ್ಟಿಲು ಇಳಿದು ಹೋದ. ಎಂಥ ದುಷ್ಟ ನೋಡಿ. ಬೈದು, ಕಂಪ್ಯೂಟರ್ ಕಿತ್ತುಕೊಂಡು, ಕತ್ತು ಹಿಡಿದು ಆಚೆ ನೂಕಿದ್ದರೆ ನಾನು ನೆಮ್ಮದಿಯಾಗಿ ಅವನನ್ನು ಶಪಿಸಬಹುದಿತ್ತು. ಕಳಿಸುವ ಗುಂಡಿಯ ಮೇಲೆ ಬಾಣದ ಗುರುತು ಇಟ್ಟುಕೊಂಡು ಕೂತೆ. ಸಂಘಟಕರಿಗೆ ಗೊತ್ತಾಗುವುದು ಆಮೇಲೆ. ಮಾವನಿಗೆ ಈಗಲೇ ಗೊತ್ತು. ಮದುರೈಯವನ ಮುಖ ನಾನು ನೋಡಿಲ್ಲ, ಅವನ ಕೆಮ್ಮು ಮಾತ್ರ ಕೇಳಿದ್ದೇನೆ. ಆ ಕೆಮ್ಮು ಕಿವಿಯಿಂದ ಹೋಗಲಿಲ್ಲ. ಕಳಿಸಲಿಲ್ಲ, ಅಳಿಸಲೂ ಇಲ್ಲ. ಅತ್ತೆ ಹಾಕಿದ ರೊಟ್ಟಿ ತಿಂದೆ.

ಮರುದಿನ ಏಳೂವರೆಗೆ ಮಾವ ಸಣ್ಣ ಸೆಟ್ಟಿನ ಮೈಕು ನನ್ನ ಕೈಗಿಟ್ಟ. "ನೀನ ಮಾತಾಡು."

"ಏನಪ್ಪಾ ಟೈಪಿಸ್ಟ್ ಸಾಹೇಬ್ರೇ," ಎಂದಿತು ಹರಪನಹಳ್ಳಿ. "ನೂರ ಅರವತ್ಮೂರಂತೆ! ಲಾಗ್ ಕಳಿಸಿದ್ರಾ? ನನ್ನನ್ನ ಹೂತಾಕ್ಬಿಟ್ರಲ್ಲಪ್ಪಾ."

ಮಾವ ಕಿಟಕಿಯ ಆಚೆ ನೋಡುತ್ತಿದ್ದ. ನಾನು ಗುಂಡಿ ಒತ್ತಿದೆ. "ಕಳಿಸಿಲ್ಲಣ್ಣ. ಕಳಿಸಂಗೂ ಇಲ್ಲ. ನಂಬರ್ ಖಾಲಿ ಇದ್ವು ಅಂತ ಎಲ್ಲಾ ತಿದ್ದಿ ಹೊಂದಿಸೀನಿ. ಒರಿಜಿನಲ್ ಅಳಿಸೀನಿ."

ಅವನು ನಕ್ಕ. ಅಂಗಡಿಯ ಕೆಲಸಗಾರರಿಗೂ ಹೇಳಿದ, ಅವರೂ ನಕ್ಕದ್ದು ಕೇಳಿಸಿತು. ನನ್ನ ಕಿವಿ ಬಿಸಿಯಾಯಿತು. ಇವನನ್ನು ಜೀವನಪೂರ್ತಿ ದ್ವೇಷಿಸುವುದು ಸುಲಭ ಎಂದುಕೊಳ್ಳುತ್ತಿರುವಾಗಲೇ ಅವನು ನಗು ನಿಲ್ಲಿಸಿದ.

"ಲೇ ತಮ್ಮಾ, ಅಷ್ಟು ಸ್ಕೋರ್ ಯಾಕೋ ಬಾವಿಗೆ ಹಾಕ್ತೀಯ? ನೀನು ನನಗೆ ಕೊಟ್ಟ ನಂಬರ್ ಇಲ್ಲೇ ಐತೆ. ಬರ್ಕೋ. ಉಳಿದೋರನ್ನೂ ನಾನೇ ಕೇಳಿ ಸಂಜಿಕ್ಕೆ ಹೇಳ್ತೀನಿ, ಯಾರಿಗ್ ಗೊತ್ತಾಗ್ತೈತೆ? ಪೆನ್ ತಗಂಡ್ಯಾ? ನಿಂದು ನೂರಾ..."

ಮೈಕಿನ ಗುಂಡಿ ಒತ್ತಿ ಹಿಡಿದರೆ ನಮ್ಮ ಸೆಟ್ಟು ಮಾತಾಡುತ್ತದೆ, ಕೇಳುವುದು ನಿಂತುಹೋಗುತ್ತದೆ. ಇನ್ನೊಬ್ಬರು ಮಾತಾಡುವಾಗ ಒತ್ತುವುದು ಶುದ್ಧ ಕೆಟ್ಟ ನಡತೆ. ನಾನು ಒತ್ತಿದೆ. ಹೆಬ್ಬೆರಳು ಬೆಳ್ಳಗಾಗುವ ಹಾಗೆ ಒತ್ತಿದೆ. ಒಂದು ಮಾತೂ ಆಡದೆ, ಅವನು ನಂಬರನ್ನು ಎರಡು ಸಲ ಬಿಡಿಸಿ ಹೇಳಿದರೂ ಮುಗಿಯುವಷ್ಟು ಹೊತ್ತು ಹಿಡಿದೆ. ಮಾವ ಕಿಟಕಿಯಿಂದ ತಿರುಗಿ ನನ್ನ ಹೆಬ್ಬೆರಳನ್ನು ನೋಡಿದ.

"ಬಿಡಲೇ, ಸೆಟ್ ಸುಡತೈತಿ."

ಬಿಟ್ಟೆ.

"...ಬರ್ಕಂಡ್ಯಾ ತಮ್ಮಾ?"

"ಕೇಳಿಲ್ಲಣ್ಣ."

"ಮತ್ತೊಂದ್ಸಲ ಹೇಳ್ತೀನಿ ತಡಿ, ನೂರಾ..."

ಮತ್ತೆ ಒತ್ತಿದೆ. ಮಾವ ಸೆಟ್ಟಿನ ಮುಂದಿನ ಕುರ್ಚಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದ. ನಿಂತೇ ಎಷ್ಟು ಹೊತ್ತು ಒತ್ತಿ ಹಿಡಿಯಲಿ ಎಂದು, ಕೂತುಕೊಂಡೆ.